ಗೇಟಿನಲ್ಲಿ ಯಾರಿದ್ದಾರೆ

ನಮ್ಮೂರು ಡೇಲಿ ಗುಡ್ಡದಲ್ಲಿ ಈಗ ಒಂದು ನರಪಿಳ್ಳೆಯೂ ಇಲ್ಲ. ಆದರೆ ಮತದಾರರ ಪಟ್ಟಿಯಲ್ಲಿ ನೂರ ಎಂಬತ್ತು ಹೆಸರುಗಳಿವೆ. ಬೆಟ್ಟ ಬೆಂಕಿ ಕಾರಲು ಶುರುಮಾಡಿದ ಮೇಲೆ ದ್ವೀಪದ ದಕ್ಷಿಣದವರನ್ನೆಲ್ಲ ಉತ್ತರಕ್ಕೆ ಅಟ್ಟಿದರು. ಅರ್ಧ ಜನ ಆಂಟಿಗುವಾಕ್ಕೋ ಇಂಗ್ಲೆಂಡಿಗೋ ಹಡಗು ಹತ್ತಿದರು. ಉಳಿದ ನಾವು ಹದಿನಾರು ತಿಂಗಳಿಂದ ಚರ್ಚಿನ ಬೆಂಚುಗಳ ನಡುವೆ ಬೆಡ್‌ಶೀಟ್ ಕಟ್ಟಿಕೊಂಡು ಸಂಸಾರ ಮಾಡುತ್ತಿದ್ದೇವೆ. ಹೀಗಿರುವಾಗ ಗವರ್ನರ್ ಸಾಹೇಬರು ಚುನಾವಣೆ ಘೋಷಿಸಿದರು. ಇಲ್ಲದ ಊರಿಗೂ ಒಬ್ಬ ಪ್ರತಿನಿಧಿ ಬೇಕಂತೆ! ಆ ಊರಿನ ಬೂತು ಉತ್ತರದ ಒಂದು ಡೇರೆಯಲ್ಲಿ. ಅದರ ಅಧಿಕಾರಿ ನಾನು, ಡೋರ್ಕಸ್ ಫೆಂಟನ್. ಇಪ್ಪತ್ತೆರಡು ವರ್ಷ ಅದೇ ಊರಿನ ಶಾಲೆಯಲ್ಲಿ ಬೆತ್ತ ಹಿಡಿದವಳು.

ನನಗೆ ಜಂಬ ಜಾಸ್ತಿ, ಒಪ್ಪಿಕೊಳ್ಳುತ್ತೇನೆ. ಹಿಂದಿನ ಚುನಾವಣೆಯಲ್ಲಿ ಎರಡು ಪಕ್ಷದವರು ರಮ್ ಕುಡಿದು ಬೂತಿನೆದುರೇ ಹೊಡೆದಾಡಿದ್ದರು. ನನ್ನ ಬೂತಿನಲ್ಲಿ ಹಾಗಾಗಕೂಡದೆಂದು ಮೇಲಿನವರಿಗೆ ಎರಡೆರಡು ಪತ್ರ ಬರೆದು, ಇಬ್ಬರು ಪೊಲೀಸರನ್ನು ಕೇಳಿ ಪಡೆದೆ.

ಮತದಾನದ ಹಿಂದಿನ ದಿನ ಬೆಳಿಗ್ಗೆ ಅಪ್ಪ ಕಷಾಯ ಕುಡಿಯುತ್ತ ಕೇಳಿದ, “ಟೀಚರಮ್ಮಾ, ನಿನ್ನ ಬೂತಿಗೆ ಪೊಲೀಸ್ ಯಾರಂತೆ?”

“ಮೀಡ್, ಆಲನ್. ಇಬ್ರೂ ಗೇಟಿನವ್ರೇ. ನಾನು ಕೇಳಿದ್ದಕ್ಕೇ ಕಳಿಸ್ತಿರೋದು.”

“ಪರವಾಗಿಲ್ವೇ! ನನ್ನ ಮಗಳು ಅಂದ್ರೆ ಸರ್ಕಾರಾನೇ ನಡುಗುತ್ತೆ.”

ನಾನು ಹಿರಿಹಿರಿ ಹಿಗ್ಗಿದೆ.

ಗೇಟು ಅಂದರೆ ದಕ್ಷಿಣಕ್ಕೆ ಹೋಗುವ ರಸ್ತೆಗೆ ಅಡ್ಡ ಹಾಕಿದ ಕಂಬ. ಅದರಾಚೆ ಹೋಗುವುದು ಅಪರಾಧ. ದನಕರು, ಗಡ್ಡೆ ಗೆಣಸು ಇದ್ದವರಿಗೆ ಹಗಲು ಹೊತ್ತು ಪಾಸು ಕೊಡುತ್ತಿದ್ದರು. ಬೆಟ್ಟ ಮತ್ತೆ ಗುಡುಗತೊಡಗಿದ್ದರಿಂದ ನಾಲ್ಕು ದಿನದ ಹಿಂದೆ ಅದನ್ನೂ ನಿಲ್ಲಿಸಿದರು. ಮಾರನೆಯ ದಿನ ಬರುತ್ತೇನಲ್ಲ ಎಂದು ಅಪ್ಪ ತನ್ನ ಹಸು ಡಚೆಸ್‌ಳನ್ನು ತೊರೆಯ ಪಕ್ಕ ಸೀಬೆಮರಕ್ಕೆ ಕಟ್ಟಿ ಬಂದಿದ್ದ. ಅದು ತುಂಬು ಗಬ್ಬ. ನಾಲ್ಕು ದಿನವೂ ಅಪ್ಪನ ಬಾಯಲ್ಲಿ ಒಂದೇ ಮಾತು: “ಬಿಚ್ಚಿ ಬಿಟ್ಟಾದ್ರೂ ಬರಬೇಕಿತ್ತು.” ಎಪ್ಪತ್ತೆಂಟು ವರ್ಷದ ಮುದುಕನ ಗೊಣಗಾಟ ಎಂದು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ನಮ್ಮೂರಲ್ಲಿ ಮೊದಲ ಮತ ಊರಿನ ಹಿರಿಯನದು. ಬೂತು ತೆರೆಯುವ ಮೊದಲೇ ಅವನು ಬಾಗಿಲಲ್ಲಿರಬೇಕು. ಪೆಟ್ಟಿಗೆ ಖಾಲಿಯಿದೆ ಎಂದು ಅವನಿಗೇ ತೋರಿಸಿ ಬೀಗ ಹಾಕಬೇಕು. ಅವನು ಹಾಕುವವರೆಗೆ ಮತ್ತೊಬ್ಬರು ಚೀಟಿ ಮುಟ್ಟುವಂತಿಲ್ಲ. ಆ ಸಲ ಆ ಹಿರಿಯ ನನ್ನಪ್ಪ, ಎಜೆಕಿಯಲ್ ಫೆಂಟನ್. ಮತದಾನದ ಬೆಳಿಗ್ಗೆ ಎಲ್ಲರೂ ಭಾನುವಾರ ಚರ್ಚಿಗೆ ಹಾಕುವ ಬಟ್ಟೆ ಹಾಕಿಕೊಂಡು ಸಾಲಾಗಿ ನಿಂತಿದ್ದರು. ಅಪ್ಪನೂ ಕರಿ ಸೂಟು, ಟೈ, ಹ್ಯಾಟು ಹಾಕಿ ಬಂದ. ಕಾಲಲ್ಲಿ ಮಾತ್ರ ಕೆಸರು ಮೆತ್ತಿದ ರಬ್ಬರ್ ಬೂಟು!

ಇಂಗ್ಲೆಂಡಿನಿಂದ ಬಂದಿದ್ದ ಚುನಾವಣಾ ವೀಕ್ಷಕ ಬೇರೆ ಅಲ್ಲೇ ಕೂತಿದ್ದ.

“ಅಪ್ಪಾ, ಏನಿದು ಅವತಾರ? ಶೂ ಎಲ್ಲಿ?”

“ಕಚ್ತಾವೆ ಕಣೇ.”

“ಕಚ್ಲಿ! ಒಂದು ದಿನ ತಡ್ಕೊಳಕ್ಕಾಗಲ್ವಾ? ನನ್ನ ಮರ್ಯಾದೆ ತೆಗೀಬೇಕು ಅಂತ್ಲೇ ಬಂದಿದೀಯಾ.”

ಸಾಲಿನಲ್ಲಿದ್ದ ಕ್ಲೋವಿಸ್ ಎಂಬ ಬಡಗಿ, “ಹೋಗ್ಲಿ ಬಿಡಿ ಮಿಸ್, ಬೂಟಿಗೇನು ವೋಟಿಲ್ವಲ್ಲ,” ಎಂದ. ಎಲ್ಲರೂ ನಕ್ಕರು. ನನಗೆ ಇನ್ನಷ್ಟು ರೇಗಿತು. ಬೇರೆಯವರಿಗೆ ಉಗುರಿನ ತುದಿ ಮುಳುಗಿಸಿದರೆ ಸಾಕಿತ್ತು. ಅಪ್ಪನ ತೋರುಬೆರಳನ್ನು ಹಿಡಿದು ಎರಡನೇ ಗಿಣ್ಣಿನವರೆಗೂ ನೇರಳೆ ಶಾಯಿಯಲ್ಲಿ ಅದ್ದಿದೆ. ಅವನು ಬೆರಳನ್ನೊಮ್ಮೆ ನೋಡಿಕೊಂಡ, ನನ್ನನ್ನೊಮ್ಮೆ ನೋಡಿದ.

“ಪೂರ್ತಿ ಕೈನೇ ಅದ್ದಿಬಿಡು ಟೀಚರಮ್ಮಾ,” ಎಂದು ನಕ್ಕು, ಚೀಟಿ ಹಾಕಿ ಹೊರಟುಹೋದ. ನಾನು ತಲೆ ಎತ್ತಲಿಲ್ಲ.

ಆ ಬೂಟು ಯಾಕೆಂದು ಒಂದು ಗಳಿಗೆ ಯೋಚಿಸಿದ್ದರೆ ಸಾಕಿತ್ತು. ಎಂಟು ಗಂಟೆಗೆ ಸೂಟು ಹಾಕಿಕೊಂಡವನು ಹೊಲದ ಬೂಟು ಹಾಕುವುದು ಇನ್ನೆಲ್ಲಿಗೆ ಹೋಗಲು? ನನಗೆ ಕಂಡದ್ದು ನನ್ನ ಮರ್ಯಾದೆ ಮಾತ್ರ.

ಎರಡು ಗಂಟೆಯ ಹೊತ್ತಿಗೆ ನೆಲ ಅದುರಿತು. ದಕ್ಷಿಣದಲ್ಲಿ ಬೂದಿಯ ಮೋಡ ಎದ್ದು ಬಿಸಿಲನ್ನು ನುಂಗಿತು. ಡೇರೆಯ ಮೇಲೆ ಕಲ್ಲುಪುಡಿ ಉದುರತೊಡಗಿತು. ಜನ ಮೂಗಿಗೆ ಬಟ್ಟೆ ಕಟ್ಟಿಕೊಂಡರು, ಆದರೆ ಸಾಲು ಬಿಡಲಿಲ್ಲ. ಅಪ್ಪ ಎಲ್ಲಿ ಎಂದು ಹೊರಗೆ ಕಣ್ಣಾಡಿಸಿದೆ. ಆಗ ಹೊಳೆಯಿತು ನೋಡಿ, ಆ ಬೂಟು ಯಾಕೆಂದು.

“ಮೀಡ್, ಗೇಟಲ್ಲಿ ಯಾರಿದಾರೆ?”

ಮೀಡ್ ನನ್ನ ಹಳೆಯ ವಿದ್ಯಾರ್ಥಿ. ಪಾಠ ಬಾರದಾಗ ನಿಲ್ಲುತ್ತಿದ್ದ ಹಾಗೆಯೇ ನಿಂತ. “ಯಾರೂ ಇಲ್ಲ ಮಿಸ್. ನಾವಿಬ್ರೂ ಇಲ್ಲೇ ಇದೀವಲ್ಲ.”

“ನಮ್ಮಪ್ಪನ್ನ ನೋಡಿದ್ಯಾ?”

“ಬೆಳಿಗ್ಗೆ ವೋಟು ಹಾಕಿ ಆ ಕಡೆ ಹೋದ್ರು. ಗೆಣಸು ತುಂಬೋ ಖಾಲಿ ಚೀಲ ಇತ್ತು ಹೆಗಲಲ್ಲಿ. ನಾನು ಇಲ್ಲೇ ಎಲ್ಲೋ ಅಂದ್ಕೊಂಡೆ...”

ಅವನನ್ನು ಜೀಪಿನಲ್ಲಿ ಗೇಟಿನ ಕಡೆ ಓಡಿಸಿದೆ. ಪೆಟ್ಟಿಗೆಯನ್ನು ಆಲನ್‌ಗೆ ಒಪ್ಪಿಸಿ ನಾನೂ ಹೋಗಬಹುದಿತ್ತು. ಆರು ಗಂಟೆಯವರೆಗೆ ಅಧಿಕಾರಿ ಬೂತು ಬಿಡಬಾರದು ಎಂಬ ನಿಯಮ ಹಿಡಿದು ಕೂತೆ. ನಿಯಮವೂ ಅಲ್ಲ, ಭಯ. ಅಲ್ಲಿ ಏನು ಕಾಣುತ್ತದೋ ಎಂಬ ಭಯ.

ನಾಲ್ಕಕ್ಕೆ ಮೀಡ್ ಬರಿಗೈಲಿ ಬಂದ; ಗೇಟಿನಾಚೆ ಬೂದಿಯಲ್ಲಿ ಜೀಪು ಹೋಗಲಿಲ್ಲವಂತೆ. ಐದು ಗಂಟೆಗೆ ಹೊರಗೆ ಗದ್ದಲವಾಯಿತು. ನಡುರಸ್ತೆಯಲ್ಲಿ ಒಂದು ಹಸು ನಿಂತಿತ್ತು. ಕೊಂಬಿನಿಂದ ಬಾಲದವರೆಗೆ ಬೂದಿ. ಕೆಮ್ಮುತ್ತಿತ್ತು. ಕೊರಳಿನಿಂದ ಮೂರು ಮೊಳ ಹಗ್ಗ ಜೋತುಬಿದ್ದಿತ್ತು. ಕ್ಲೋವಿಸ್ ಓಡಿಹೋಗಿ ಅದರ ಮುಖ ಒರೆಸಿದ. ಹಣೆಯ ಬಿಳಿ ಮಚ್ಚೆ ಕಂಡಿತು.

“ಡಚೆಸ್! ಮಿಸ್, ನಿಮ್ಮ ಡಚೆಸ್ ಕಣ್ರೀ!”

ನಾನು ಹಗ್ಗದ ತುದಿ ಹಿಡಿದು ನೋಡಿದೆ. ಹರಿದದ್ದಲ್ಲ, ಮಚ್ಚಿನಲ್ಲಿ ಒಂದೇ ಏಟಿಗೆ ಕಡಿದದ್ದು. ಅಪ್ಪ ಅಲ್ಲಿಗೆ ತಲುಪಿದ್ದ. ಹಸು ಬಂತು, ಅವನು ಬರಲಿಲ್ಲ.

ಆರಕ್ಕೆ ಬೂತು ಮುಚ್ಚಿ ಪೆಟ್ಟಿಗೆ ಸುರಿದು ಎಣಿಸಿದೆವು. ಒಂದೊಂದೇ ಚೀಟಿ ಬಿಡಿಸಿ ಅಭ್ಯರ್ಥಿಯ ಹೆಸರು ಕೂಗಿದೆ. ನೂರ ಎಂಬತ್ತರಲ್ಲಿ ಬಿದ್ದದ್ದು ನಲವತ್ತೊಂದು. ಯಾವುದು ಅಪ್ಪನದೋ ತಿಳಿಯಲಿಲ್ಲ. ಊರಿಗೆ ವಾಪಸು ಕರೆದುಕೊಂಡು ಹೋಗುತ್ತೇನೆ ಎಂದವನೇ ಗೆದ್ದ. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಮಾರನೆಯ ದಿನ ಬೂದಿ ತಣಿದ ಮೇಲೆ ತೊರೆಯ ಪಕ್ಕ ಮೂವರು ಸಿಕ್ಕರು. ಗೇಟು ಖಾಲಿ ಎಂಬುದು ಇನ್ನಿಬ್ಬರಿಗೂ ಗೊತ್ತಾಗಿತ್ತು. ಆಸ್ಪತ್ರೆಯಲ್ಲಿ ಮೂರು ಹಲಗೆಗಳ ಮೇಲೆ ಮೂರು ಬೂದಿಯ ಗೊಂಬೆಗಳು. ಮುಖವಿರಲಿಲ್ಲ. ಬೂಟುಗಳು ಕರಗಿದ್ದವು. “ಗುರುತು ಹಿಡೀಬೇಕಮ್ಮ,” ಎಂದರು ಡಾಕ್ಟರು. ನಡುವಿನವನ ಬಲಗೈ ಮುಷ್ಟಿಯಾಗಿ ಮೈಕೆಳಗೆ ಸಿಕ್ಕಿಕೊಂಡಿತ್ತು. ನರ್ಸು ಅದನ್ನು ಬಿಡಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿದಳು. ತೋರುಬೆರಳು ಎರಡನೇ ಗಿಣ್ಣಿನವರೆಗೆ ನೇರಳೆ.

“ಇವ್ರೇ,” ಎಂದೆ. “ಆ ಶಾಯಿ ನಾನೇ ಹಾಕಿದ್ದು.”

ಮಣ್ಣು ಮಾಡುವ ದಿನ ಗೆದ್ದವನು ಹೂವಿನ ಹಾರ ತಂದ. ಮೂರು ಶವಪೆಟ್ಟಿಗೆಗಳಿಗೆ ಪೊಲೀಸ್ ಗೌರವ ಬೇರೆ. ಇದ್ದಬದ್ದ ಪೊಲೀಸರೆಲ್ಲ ಸಮವಸ್ತ್ರ ತೊಟ್ಟು ಸಾಲಾಗಿ ನಿಂತಿದ್ದರು. ಮೀಡ್ ಅಳುತ್ತ ಬಂದು ನನ್ನ ಕೈ ಹಿಡಿದುಕೊಂಡ. ಅವನ ಹಿಂದೆ ಆಲನ್ ನಿಂತಿದ್ದ. ದೂರದಲ್ಲಿ ಬೆಟ್ಟ ಮತ್ತೆ ಗುಡುಗಿತು.

“ಗೇಟಲ್ಲಿ ಯಾರಿದಾರೆ?” ಎಂದು ಕೇಳಿದೆ.

ಇಬ್ಬರೂ ಮುಖ ಮುಖ ನೋಡಿಕೊಂಡರು.