ಬಿಸಿಲಿಗೆ ಬಾಗಿಲಿಲ್ಲ

ಕ್ಯಾಥರೀನ್ ಅನ್ನೋ ನಮ್ಮೂರಿನ ಕಡೆಯ ಮಾವಿನ ತೋಪುಗಳಲ್ಲಿ ಸುಗ್ಗಿ ಶುರುವಾಯ್ತು ಅಂದ್ರೆ, ಹಣ್ಣು ಕೀಳೋಕೆ ಬಂದ ಹುಡುಗಿಯರು ನೀರು ಕುಡಿಯೋದನ್ನ ಬಿಟ್ಟುಬಿಡ್ತಾರೆ. ಯಾಕೆ ಅಂತ ಯಾರೂ ಬಾಯಿ ಬಿಟ್ಟು ಹೇಳಲ್ಲ. ನಾನು ಹೇಳ್ತೀನಿ. ಐವತ್ತೆಂಟಾಯ್ತು ನನಗೆ, ಇನ್ನೇನು ನಾಚಿಕೆ? ಶೌಚಾಲಯ ದೂರ. ಅಷ್ಟೇ.

ನನ್ನ ಹೆಸರು ನೊರೀನ್. ಹತ್ತೊಂಬತ್ತು ಸುಗ್ಗಿಯಿಂದ ಮಾವು ಕೀಳುವ ಗಾಡಿ ಓಡಿಸ್ತಿದ್ದೀನಿ. ಗಾಡಿಗೆ ಎರಡೂ ಕಡೆ ತಾಡಪಾಲಿನ ರೆಕ್ಕೆ. ಹುಡುಗರು ಅದರ ಅಕ್ಕಪಕ್ಕ ನಡೀತಾ ಹಣ್ಣು ಕಿತ್ತು ರೆಕ್ಕೆ ಮೇಲೆ ಹಾಕ್ತಾರೆ, ಸೋಪಿನ ನೀರು ಹರಿದು ಸೊನೆ ತೊಳೆದುಹೋಗುತ್ತೆ. ಕೀಳೋರೆಲ್ಲ ಬಹುಪಾಲು ಹೊರದೇಶದವರು, ಬೆನ್ನಿಗೊಂದು ಚೀಲ ಹಾಕ್ಕೊಂಡು ಬಂದ ಮಕ್ಕಳು. ಎಂಬತ್ತೆಂಟು ದಿನ ಇಂಥ ಕೆಲಸ ಮಾಡಿದ್ರೆ ಇನ್ನೊಂದು ವರ್ಷ ಈ ದೇಶದಲ್ಲಿ ಇರೋಕೆ ವೀಸಾ ಸಿಗುತ್ತೆ. ಆ ಎಂಬತ್ತೆಂಟು ಅವರ ತಲೆಯಲ್ಲಿ ಹೆಂಗೆ ಕೂತಿರುತ್ತೆ ಅಂದ್ರೆ, ಜ್ವರ ಬಂದ್ರೂ ಬಚ್ಚಿಡ್ತಾರೆ.

ಕೈರಿ ಹಾಗೇ ಬಂದವಳು. ಎಸ್ಟೋನಿಯಾದ ಹುಡುಗಿ, ಇಪ್ಪತ್ತಾರು ವರ್ಷ. ಅವಳ ಅಕ್ಕ ಮಾರಿಕಾ ಇದೇ ದೇಶದ ಆ ತುದಿಯ ಪರ್ತ್‌ನಲ್ಲಿ ಮದುವೆಯಾಗಿ ನೆಲೆಸಿದ್ದಾಳೆ, ಚೊಚ್ಚಲ ಬಸುರಿ. ತಾಯಿ ಇಲ್ಲ. "ಹೆರಿಗೆ ಹೊತ್ತಿಗೆ ಪಕ್ಕದಲ್ಲೇ ಇರ್ತೀನಿ ಅಂತ ಅಕ್ಕಂಗೆ ಮಾತು ಕೊಟ್ಟಿದ್ದೀನಿ ನೊರೀನ್," ಅಂತ ಬಂದ ದಿನವೇ ಹೇಳಿದ್ದಳು. ಅವಳ ಹಳೇ ವೀಸಾ ಡಿಸೆಂಬರ್ ಮೊದಲ ವಾರಕ್ಕೆ ಮುಗೀತಿತ್ತು. ಅಷ್ಟರಲ್ಲಿ ಆ ಎಂಬತ್ತೆಂಟು ದಿನ ತುಂಬದಿದ್ದರೆ ಮಗುವಿನ ಮುಖ ನೋಡೋ ಮೊದಲೇ ಗಂಟುಮೂಟೆ ಕಟ್ಟಬೇಕು. ಎಪ್ಪತ್ತೊಂದು ದಿನ ಆಗಿತ್ತು, ಇನ್ನು ಹದಿನೇಳು.

ಅವತ್ತು ಬೆಳಗಿನ ಚಹಾ ಹೊತ್ತಿಗೆ ಅವಳ ನೀರಿನ ಬಾಟಲಿ ನೋಡಿದೆ. ತುಂಬಿದ್ದು ತುಂಬಿದ ಹಾಗೇ ಇತ್ತು.

"ಏನಮ್ಮ, ಇದನ್ನ ಮನೆಗೆ ತಗೊಂಡು ಹೋಗಿ ಗಿಡಕ್ಕೆ ಹಾಕ್ತೀಯಾ?"

"ನನಗೆ ದಾಹ ಆಗಲ್ಲ ನೊರೀನ್. ಬಿಸಿಲು ನನಗೇನೂ ಮಾಡಲ್ಲ. ನಮ್ಮೂರಲ್ಲಿ ವಾರಕ್ಕೊಂದು ಸಲ ಉಗಿಕೋಣೆಯಲ್ಲಿ ಕೂತು ಬೆವರಿಳಿಸ್ತೀವಿ. ಎಂಬತ್ತು ಡಿಗ್ರಿ ಇರುತ್ತೆ! ನಮ್ಮಜ್ಜಿ ಈಗಲೂ ಕೂರ್ತಾಳೆ. ನಿಮ್ಮ ನಲವತ್ತು ಯಾವ ಲೆಕ್ಕ?"

ಪಕ್ಕದ ಸಾಲಿನ ತಾದ್ದೆಯೊ ನಕ್ಕ. ಇಟಲಿಯವನು, ಬಾಯಿಗೆ ಬೀಗ ಇಲ್ಲ. "ಇವಳನ್ನ ಬಿಟ್ರೆ ಒಲೆಯೊಳಗೇ ಮನೆ ಮಾಡ್ತಾಳೆ!"

ನಾನು ನಗಲಿಲ್ಲ. "ಉಗಿಕೋಣೆಯಲ್ಲಿ ಎಷ್ಟು ಹೊತ್ತು ಕೂರ್ತೀಯೇ?"

"ಹದಿನೈದು ನಿಮಿಷ."

"ಆಮೇಲೆ?"

"ಬಾಗಿಲು ತೆಗೆದು ಓಡೋದು. ಕೆರೆಗೆ ಧುಮುಕೋದು."

"ಹಂಗಾದ್ರೆ ಹೇಳು, ಈ ಬಿಸಿಲಿಗೆ ಬಾಗಿಲೆಲ್ಲಿದೆ? ಇಲ್ಲಿ ಎಂಟು ಗಂಟೆ ಮೈ ಬಗ್ಗಿಸಿ ದುಡೀತೀಯ. ಅಲ್ಲಿ ನಿನ್ನಜ್ಜಿ ಸುಮ್ಮನೆ ಕೂತಿರ್ತಾಳೆ. ಇಪ್ಪತ್ತು ನಿಮಿಷಕ್ಕೊಂದು ಲೋಟ ನೀರು ಕುಡಿ. ಬಾಯಾರೋವರೆಗೂ ಕಾಯಬೇಡ."

"ಆಯ್ತಾಯ್ತು," ಅಂದಳು. ಕಿವಿ ಮೇಲೆ ಹಾಕ್ಕೊಳ್ಳಲಿಲ್ಲ ಅಂತ ಅವಳ ಮುಖವೇ ಹೇಳ್ತಿತ್ತು.

ಈಗ ನನ್ನ ತಪ್ಪನ್ನೂ ಹೇಳಿಬಿಡ್ತೀನಿ. ನಮ್ಮ ಶೌಚಾಲಯಕ್ಕೆ ಚಕ್ರ ಇದೆ. ಗಾಡಿ ಮುಂದಿನ ಸಾಲುಗಳಿಗೆ ಹೋದ ಹಾಗೆ ಅದನ್ನೂ ಎಳೆದುಕೊಂಡು ಹೋಗಬೇಕು. ಮೂರು ದಿನದಿಂದ "ನಾಳೆ ಎಳಿಸ್ತೀನಿ" ಅಂತಿದ್ದೆ. ನಾವು ತೋಪಿನ ಈ ತುದಿಗೆ ಬಂದಿದ್ವಿ, ಅದು ಆ ತುದಿಯಲ್ಲೇ ನಿಂತಿತ್ತು. ಹೋಗೋಕೆ ಹತ್ತು ನಿಮಿಷ, ಬರೋಕೆ ಹತ್ತು ನಿಮಿಷ. ಹಿಂದಿನ ದಿನ ಕೈರಿ ಹೋಗಿ ಬಂದಾಗ ತಾದ್ದೆಯೊ ಗಾಡಿಯ ಆ ಕಡೆಯಿಂದ ಕೂಗಿದ್ದ: "ಏನು ಕೈರಿ, ಪರ್ತ್‌ಗೆ ಹೋಗಿ ಬಂದ್ಯಾ?" ಎಲ್ಲರೂ ಹೊಟ್ಟೆ ಹಿಡ್ಕೊಂಡು ನಕ್ಕರು. ನಾನೂ ನಕ್ಕೆ. ಅವಳ ಕಿವಿ ಕೆಂಪಾಗಿದ್ದನ್ನ ನೋಡಿಯೂ ನಕ್ಕೆ.

ಅವತ್ತು ಹನ್ನೊಂದೂವರೆ ಆಗಿರಬೇಕು. ಗಾಳಿ ಅನ್ನೋದೇ ಇರಲಿಲ್ಲ. ಈ ಊರಲ್ಲಿ ಮಳೆಗಾಲಕ್ಕೆ ಮುಂಚೆ ಹಾಗೇ, ಮೋಡ ಕಟ್ಟುತ್ತೆ, ಸುರಿಯಲ್ಲ, ಜೀವ ಹಿಂಡುತ್ತೆ. ಗಾಡಿ ಮೇಲಿಂದ ನೋಡ್ತೀನಿ, ಕೈರಿ ಸೊಂಟಕ್ಕೆ ಕಟ್ಟಿದ್ದ ಜಾಕೆಟ್ ಬಿಚ್ಚಿ ಹಾಕ್ಕೊಳ್ತಿದ್ದಾಳೆ.

"ಯಾಕೇ ಜಾಕೆಟ್ಟು?"

"ಚಳಿ," ಅಂದಳು.

ತಟ್ಟನೆ ಗಾಡಿ ನಿಲ್ಲಿಸಿದೆ. ಅವಳು ರೆಕ್ಕೆ ಮೇಲೆ ಹಣ್ಣು ಹಾಕ್ತಿರಲಿಲ್ಲ, ಬರೀ ಎಲೆ ಕಿತ್ತು ಕಿತ್ತು ಹಾಕ್ತಿದ್ದಳು. ತಾದ್ದೆಯೊನ ತೋಳು ಹಿಡಿದು "ಮಾರಿಕಾ, ಮಾರಿಕಾ" ಅಂತ ಅವಳ ಭಾಷೆಯಲ್ಲಿ ಏನೇನೋ ಶುರು ಮಾಡಿದಳು. ಅವನು ಮೊದಲು ತಮಾಷೆ ಅಂದುಕೊಂಡ. ಆಮೇಲೆ ಅವಳ ಕೈ ಮುಟ್ಟಿ ಕಿರುಚಿದ, "ನೊರೀನ್! ಕೆಂಡ ಇದ್ದ ಹಾಗಿದೆ! ಬೆವರೇ ಇಲ್ಲ!"

ಅಷ್ಟರಲ್ಲಿ ಅವಳ ಕಾಲು ಕುಸಿಯಿತು.

ಇಂಥ ಹೊತ್ತಲ್ಲಿ ಆಸ್ಪತ್ರೆಗೆ ಎತ್ತಾಕ್ಕೊಂಡು ಓಡೋಣ ಅನ್ನಿಸುತ್ತೆ. ಬೇಡ. ಮೊದಲು ಮೈ ತಣ್ಣಗಾಗಬೇಕು. ನಾನು ಆಂಬುಲೆನ್ಸ್‌ಗೆ ಫೋನ್ ಮಾಡ್ತಾನೇ ಏನೇನು ಮಾಡಬೇಕು ಅಂತ ಕೂಗಿ ಹೇಳಿದೆ. ತಾದ್ದೆಯೊ ಅವಳನ್ನ ಗಾಡಿ ರೆಕ್ಕೆಯ ನೆರಳಿಗೆ ಎಳೆದ. ಜಾಕೆಟ್, ಬೂಟು ತೆಗೆದೆವು. ಹಣ್ಣು ತೊಳೆಯೋಕೆ ಇಟ್ಟಿದ್ದ ಟ್ಯಾಂಕಿನ ಪೈಪು ಕಿತ್ತು ನೆತ್ತಿಯಿಂದ ಪಾದದವರೆಗೂ ನೀರು ಬಿಟ್ಟೆವು. ಊಟ ತಣ್ಣಗಿಡೋ ಪೆಟ್ಟಿಗೆಯ ಐಸನ್ನ ಬಟ್ಟೆಯಲ್ಲಿ ಸುತ್ತಿ ಕುತ್ತಿಗೆಗೆ, ಕಂಕುಳಿಗೆ ಇಟ್ಟೆವು. ಇಬ್ಬರು ಹುಡುಗರು ರಟ್ಟಿನ ಪೆಟ್ಟಿಗೆ ಹರಿದು ಬೀಸಿದರು.

"ಕುಡಿಯೋಕೆ ಕೊಡ್ಲಾ?" ಅಂತ ತಾದ್ದೆಯೊ ಬಾಟಲಿ ತಂದ.

"ಬೇಡ ಕಣೋ, ಪ್ರಜ್ಞೆ ಸರಿ ಇಲ್ಲ, ಉಸಿರಿಗೆ ಸಿಕ್ಕಿಕೊಳ್ಳುತ್ತೆ. ಮೈಗೆ ಹುಯ್ಯಿ!"

ಹುಯ್ದ. ಅದೇ ಬಾಟಲಿ, ಬೆಳಿಗ್ಗೆಯಿಂದ ತುಂಬಿಕೊಂಡೇ ಇದ್ದದ್ದು. "ನಾನು ಯಾಕೆ ಹಂಗಂದೆ, ನಾನು ಯಾಕೆ ಹಂಗಂದೆ" ಅಂತ ಒಂದೇ ಸಮ ಗೊಣಗ್ತಿದ್ದ.

ಆಂಬುಲೆನ್ಸ್ ಬರೋಕೆ ಇಪ್ಪತ್ತೆರಡು ನಿಮಿಷ ಹಿಡೀತು. ಅಷ್ಟು ಹೊತ್ತೂ ನೀರು ನಿಲ್ಲಿಸಲಿಲ್ಲ. ಹಾಗೆ ಮಾಡಿದ್ದಕ್ಕೇ ಹುಡುಗಿ ಉಳಿದಳು ಅಂತ ಡಾಕ್ಟರು ಆಮೇಲೆ ಹೇಳಿದರು. ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿತ್ತು, ಆದರೆ ಚೇತರಿಸಿಕೊಳ್ಳುತ್ತೆ ಅಂದರು.

ಮೂರನೇ ದಿನ ನೋಡೋಕೆ ಹೋದೆ. ಕೈರಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು.

"ನನ್ನ ದಿನಗಳೆಲ್ಲ ಹೋದವು ಅಲ್ವಾ?"

"ಯಾವ ದಿನ? ದುಡಿದ ಎಪ್ಪತ್ತೊಂದು ನಿನ್ನವೇ. ಸಂಬಳದ ಚೀಟಿ ಇದೆ, ಯಾರೂ ಅಳಿಸೋಕಾಗಲ್ಲ. ಕಾಯಿಲೆ ಬಿದ್ದ ದಿನ ಮುಂದಕ್ಕೆ ಹೋಗುತ್ತೆ, ಹಿಂದಿನವು ಎಲ್ಲಿಗೂ ಹೋಗಲ್ಲ. ಮತ್ತೆ ಕೇಳಿಸ್ಕೋ, ಕೆಲಸದಲ್ಲಿ ಪೆಟ್ಟಾದ್ರೆ ಚಿಕಿತ್ಸೆ ಕೇಳೋ ಹಕ್ಕು ನನಗೆಷ್ಟಿದೆಯೋ ನಿನಗೂ ಅಷ್ಟೇ ಇದೆ. ವೀಸಾದವಳು ಅಂತ ಕಮ್ಮಿ ಆಗಲ್ಲ."

"ಇದನ್ನ ಯಾರೂ ಹೇಳಿರಲಿಲ್ಲ."

"ನಾನು ಹೇಳಬೇಕಿತ್ತು," ಅಂದೆ. "ನಿಜ ಹೇಳು, ಬಿಸಿಲು ನಾಟಲ್ಲ ಅಂತಾನಾ ನೀರು ಕುಡೀದೆ ಇದ್ದಿದ್ದು?"

ಗೋಡೆಯಿಂದ ನನ್ನ ಕಡೆ ತಿರುಗಿದಳು. "ಕುಡಿದ್ರೆ ಹೋಗಬೇಕು. ಹೋದ್ರೆ ನಗ್ತೀರ."

ಆ ಶೌಚಾಲಯದ ಬಾಗಿಲಿಗೆ ಮೂತ್ರದ ಬಣ್ಣದ ಚಿತ್ರಪಟ ಅಂಟಿಸಿದವಳು ನಾನೇ: ತಿಳಿಹಳದಿ ಇದ್ದರೆ ಕ್ಷೇಮ, ಚಹಾ ಬಣ್ಣ ಬಂದರೆ ಅಪಾಯ. ಬಾಗಿಲವರೆಗೆ ಹೋಗೋಕೇ ಹೆದರುವ ಹುಡುಗಿ ಆ ಚಿತ್ರ ಯಾವಾಗ ನೋಡಬೇಕು? ಅವಳ ಕೈ ಹಿಡಿದು "ತಪ್ಪಾಯ್ತು ಕಣಮ್ಮ" ಅಂದೆ. ಅಷ್ಟು ವರ್ಷದಲ್ಲಿ ಕೀಳೋರ ಹತ್ತಿರ ಆ ಮಾತು ನಾನು ಆಡಿದ್ದು ಅದೇ ಮೊದಲು.

ಮಾರನೇ ಬೆಳಿಗ್ಗೆ ನಾನು ತೋಪಿಗೆ ಹೋಗೋಷ್ಟರಲ್ಲಿ ತಾದ್ದೆಯೊ ಶೌಚಾಲಯವನ್ನ ಎಳೆತಂದು ಗಾಡಿ ಹಿಂದೆ ನಿಲ್ಲಿಸಿದ್ದ. ಯಾರೂ ಹೇಳಿರಲಿಲ್ಲ. ಅವತ್ತಿಂದ ಇಪ್ಪತ್ತು ನಿಮಿಷಕ್ಕೊಮ್ಮೆ ನಾನು ಹಾರ್ನ್ ಹೊಡೀತೀನಿ, ಎಲ್ಲರೂ ಬಾಟಲಿ ಎತ್ತಬೇಕು. ಯಾರಾದರೂ ಶೌಚಾಲಯಕ್ಕೆ ಹೋದ್ರೆ ತುಟಿ ಪಿಟಕ್ ಅನ್ನೋ ಹಾಗಿಲ್ಲ.

ಹದಿನಾಲ್ಕು ದಿನ ಬಿಟ್ಟು, ಡಾಕ್ಟರು ಒಪ್ಪಿದ ಮೇಲೆ, ಕೈರಿ ಹಣ್ಣು ತುಂಬುವ ಶೆಡ್ಡಿನಲ್ಲಿ ಕೂತಳು. ಅಲ್ಲಿ ನೆರಳಿದೆ, ಫ್ಯಾನಿದೆ, ಆ ದಿನಗಳೂ ವೀಸಾಕ್ಕೆ ಸೇರುತ್ತವೆ. ಹದಿನೇಳೂ ತುಂಬಿದವು. ಆದರೆ ಮಗು ಕಾಯಲಿಲ್ಲ. ಕೊನೇ ದಿನಕ್ಕೆ ಎರಡು ದಿನ ಮುಂಚೆಯೇ ಹುಟ್ಟಿಬಿಡ್ತು. ಹೆರಿಗೆ ಹೊತ್ತಿಗೆ ಇರ್ತೀನಿ ಅಂದ ಮಾತು ಉಳಿಸಿಕೊಳ್ಳೋಕೆ ಅವಳಿಗೆ ಆಗಲಿಲ್ಲ. ಶೆಡ್ಡಿನ ಹಿಂದೆ ನಿಂತು ಅತ್ತಳು, ನಾನು ತಡೆಯಲಿಲ್ಲ.

ಆ ವಾರಾಂತ್ಯಕ್ಕೆ ಫೋನ್ ಬಂತು. ಹಿಂದೆ ಎಳೇ ಮಗು ಅಳ್ತಿತ್ತು.

"ನೊರೀನ್, ತಾದ್ದೆಯೊ ಅಲ್ಲಿದ್ದಾನಾ? ಅವನಿಗೆ ಹೇಳು, ಪರ್ತ್‌ಗೆ ಬಂದೆ ಅಂತ. ತಡವಾಯ್ತು, ಆದ್ರೆ ಬಂದೆ ಅಂತ."

ನಾನು ಹೇಳಿದೆ. ಬಾಯಿಗೆ ಬೀಗ ಇಲ್ಲದ ಹುಡುಗ ಟೋಪಿ ತೆಗೆದು ಮುಖ ಮುಚ್ಚಿಕೊಂಡ.

ಇದನ್ನ ಓದುತ್ತಿರೋ ಮಕ್ಕಳೇ, ಯಾವ ತೋಟದಲ್ಲಿ ಯಾವ ಹಣ್ಣು ಕೀಳ್ತಿದ್ದರೂ ಸರಿ, ನಿಮ್ಮ ದಾರಿ ಕಾಯೋರು ಎಲ್ಲೋ ಒಬ್ಬರಿದ್ದಾರೆ. ನೀರು ಕುಡೀರಿ. ತಲೆನೋವು, ವಾಕರಿಕೆ, ಬಿಸಿಲಲ್ಲಿ ಚಳಿ, ಇವುಗಳಲ್ಲಿ ಒಂದು ಬಂದ್ರೂ ಕೆಲಸ ನಿಲ್ಲಿಸಿ, ಪಕ್ಕದವರಿಗೆ ಹೇಳಿ. ಪಕ್ಕದವರು ತೊದಲಿದರೆ ನಗಬೇಡಿ, ನೀರು ಹುಯ್ಯಿರಿ, ಫೋನ್ ಮಾಡಿ.

ಇನ್ನು ನನ್ನ ಹಾಗೆ ಗಾಡಿ ಓಡಿಸೋರಿಗೆ, ಆಳು ನಡೆಸೋರಿಗೆ ಒಂದು ಮಾತು. ಶೌಚಾಲಯ ಎಲ್ಲಿದೆ ಈಗ? ಎದ್ದು ಹೋಗಿ ನೋಡಿ. ದೂರ ಇದ್ರೆ ಇವತ್ತೇ ಎಳೆದು ತನ್ನಿ.