ಕಾರ್ಬ್ಯುರೇಟರಿನ ಕೆಮ್ಮು

ಕೆಂಪು ಗಾಡಿಯ ಮುಂದಿನ ಚಕ್ರ ಬಂಡೆಯ ಅಂಚನ್ನು ಮುಟ್ಟಿ, ಒಂದು ಕ್ಷಣ ಯೋಚಿಸಿದಂತೆ ನಿಂತು, ಆಮೇಲೆ ಮೇಲಕ್ಕೆ ಹತ್ತಿತು. ಸೀಟೇ ಇಲ್ಲದ ಗಾಡಿ. ಲೋಕೇಶ್ ಫುಟ್‌ರೆಸ್ಟುಗಳ ಮೇಲೆ ಮೊಣಕಾಲು ಬಗ್ಗಿಸಿ ನಿಂತಿದ್ದ. ಕೆಳಗೆ, ಎಡಕ್ಕೆ ಎರಡು ಮಾರು ದೂರದಲ್ಲಿ, ಅವನ ಹೆಂಡತಿ ಲತಾಮಣಿ ಸೆರಗನ್ನು ಸೊಂಟಕ್ಕೆ ಬಿಗಿದು ಹಿಂದಿನ ಚಕ್ರದ ಮೇಲೇ ಕಣ್ಣಿಟ್ಟಿದ್ದಳು. ಅದು ಜಾರಿದರೆ ತಾನು ಯಾವ ಕಡೆಗೆ ಸರಿಯಬೇಕು, ಗಂಡನನ್ನು ಯಾವ ಕಡೆಗೆ ಎಳೆಯಬೇಕು ಎಂಬುದನ್ನು ಅವಳು ಆಗಲೇ ಯೋಚಿಸಿಟ್ಟುಕೊಂಡಿದ್ದಳು.

"ಏನ್ಲಾ ಇದು, ಗಾಡಿನಾ ಹೊಲಿಗೆ ಮಿಷಿನ್ನಾ? ಸದ್ದೇ ಇಲ್ವಲ್ಲೋ!" ಎಂದು ಮೆಕ್ಯಾನಿಕ್ ತಾಜ್ ಪಾಷಾ ಕೆಳಗಿನಿಂದ ಕೂಗಿದ.

"ಫ್ಯೂಯೆಲ್ ಇಂಜೆಕ್ಷನ್ ಅಂದ್ರೆ ಅದೇ ಕಣ್ಲಾ! ಇನ್ಮೇಲೆ ನಿನ್ ಗ್ಯಾರೇಜ್ ಬಾಗ್ಲು ಹಾಕ್ಕೊ," ಎಂದು ಲೋಕೇಶ್ ಬಂಡೆಯ ನೆತ್ತಿಯಿಂದ ನಕ್ಕ.

ಕೈಲಾಂಚ ಎಂಬ ಊರಿನ ಆಚೆ, ಅವರ ಹಿಪ್ಪುನೇರಳೆ ತೋಟ ಮುಗಿಯುವಲ್ಲಿಂದಲೇ ಶುರುವಾಗುವ ಬಂಡೆಗಳ ಸಾಲು ಅದು. ಬಿಡದಿಯ ಕಾರು ಬಿಡಿಭಾಗಗಳ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ ಮಾಡುವ ಲೋಕೇಶ್‌ಗೆ ನಾಲ್ಕು ವರ್ಷಗಳಿಂದ ಇದೊಂದೇ ಹುಚ್ಚು. ಕಾಲು ನೆಲಕ್ಕೆ ಊರದೆ ಬಂಡೆ ಹತ್ತಿಸಬೇಕು. ಸ್ಪರ್ಧೆಯಲ್ಲಾದರೆ ಊರಿದಷ್ಟು ಸಲ ಅಂಕ ಹೋಗುತ್ತದೆ. ಹತ್ತುವವನ ಕೆಳಗೆ ಅವನ ಕಡೆಯವರು ಒಬ್ಬರು ನಿಂತಿರಬೇಕು. ಆ ಒಬ್ಬರು, ಕಳೆದ ವರ್ಷ ಅವನು ಬಿದ್ದಾಗಿನಿಂದ, ಲತಾಮಣಿ.

ಕಳೆದ ವರ್ಷ ಇದೇ ಬಂಡೆಯಲ್ಲಿ, ತಾಜ್ ಪಾಷಾನೂ ಅವನೂ ಸೇರಿ ಹಳೆಯ ಬೈಕಿನಿಂದ ಮಾಡಿಕೊಂಡಿದ್ದ ಗಾಡಿ ಅರ್ಧದಲ್ಲಿ ನಿಂತು, ಲೋಕೇಶ್ ಅದರ ಸಮೇತ ಕೆಳಗೆ ಬಂದಿದ್ದ. ಬಲಗೈ ಮಣಿಕಟ್ಟು ಮುರಿದಿತ್ತು. ಅಂದು ಲತಾಮಣಿ ಊಟದ ಡಬ್ಬಿ ತಂದು ಸುಮ್ಮನೆ ನೋಡುತ್ತಾ ನಿಂತಿದ್ದಳು. ಗಾಡಿ ನಿಲ್ಲುವ ಮೊದಲು ಅದರ ದನಿ ಬದಲಾದದ್ದು ಅವಳಿಗೆ ಕೇಳಿಸಿತ್ತು. ಗಂಟಲಲ್ಲಿ ಏನೋ ಸಿಕ್ಕಿಕೊಂಡಂಥ ಎರಡು ಸಣ್ಣ ಕೆಮ್ಮು. ಗಂಡಸರಿಗೆ ಗೊತ್ತಿರುತ್ತದೆ ಎಂದುಕೊಂಡು ಸುಮ್ಮನಿದ್ದಳು. ಆ ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ. ಬ್ಯಾಂಡೇಜು ಬಿಚ್ಚಿದ ದಿನ ಲೋಕೇಶ್, "ಇನ್ನು ಮುಂದಿನ ಗಾಡಿ ನೀನ್ ಯಾವ್ದಂತೀಯೋ ಅದು. ಕೆಳಗೆ ನಿಲ್ಲೋಳು ನೀನ್ ತಾನೆ," ಎಂದಿದ್ದ. ತಮಾಷೆಗೆ ಅಂದದ್ದಲ್ಲ. ಅದಕ್ಕೇ ಇವತ್ತು ಆರಿಸಬೇಕಾದವಳು ಅವಳೇ.

ಈ ಆಟದಲ್ಲಿ ಹಳಬರಾದ ಬೆಂಗಳೂರಿನ ಅನಂತರಾಜು, ಒಂದನ್ನು ಮಾರಲೆಂದು, ಟೆಂಪೋದಲ್ಲಿ ಕೆಂಪು ಮತ್ತು ನೀಲಿ ಎರಡು ಗಾಡಿ ತಂದಿದ್ದರು. ಎರಡೂ ಸ್ಪೇನಿನಿಂದ ಬಂದವು, ಎರಡೂ ಅವರು ಓಡಿಸಿದವು. ವಯಸ್ಸಾಯಿತು, ಇನ್ನು ಒಂದೇ ಸಾಕು, ನಿಮಗೆ ಬೇಡವಾದದ್ದನ್ನು ನಾನು ಇಟ್ಟುಕೊಳ್ಳುತ್ತೇನೆ ಎಂದಿದ್ದರು. ನಾಲ್ಕು ಗಂಟೆಗೆ ಅವರು ಹೊರಡಬೇಕು.

"ನೋಡೀಮ್ಮ," ಎಂದು ಅವರು ಲತಾಮಣಿಗೇ ವಿವರಿಸಿದರು, "ನೀಲೀದರಲ್ಲಿ ಕಾರ್ಬ್ಯುರೇಟರ್. ಇಂಜಿನ್ನು ಗಾಳಿ ಎಳ್ಕೊಂಡಾಗ ಜೆಟ್ ಅಂತ ಒಂದು ಸಣ್ಣ ತೂತಿನಿಂದ ಪೆಟ್ರೋಲೂ ಜೊತೆಗೆ ಬರುತ್ತೆ, ಅಷ್ಟೆ. ಕೆಂಪುದರಲ್ಲಿ ಒಂದು ಪುಟ್ಟ ಕಂಪ್ಯೂಟರು. ಎಷ್ಟು ಬೇಕೋ ಅಳೆದು ಚಿಮ್ಮಿಸುತ್ತೆ. ಕೆಡೋದು ಕಮ್ಮಿ. ಕೆಟ್ಟರೆ ಮಾತ್ರ ಬೆಂಗಳೂರಿಗೇ ತರಬೇಕು."

"ನೀಲೀದು ಕೆಟ್ರೆ ನಾನಿದೀನಕ್ಕಾ," ಎಂದ ತಾಜ್ ಪಾಷಾ. "ನಮ್ಮನೇಲಿ ರೇಷ್ಮೆ ತೆಗೀತೀವಲ್ಲ, ಆ ಹಸಿ ದಾರ ಹುರಿ ಮಾಡಿ ತೂತಲ್ಲಿ ಎಳೆದ್ರೆ ಜೆಟ್ ಕ್ಲೀನ್. ಸೂಜಿ ಹಾಕ್ದೋನು ಕೆಟ್ಟ. ತೂತು ದೊಡ್ಡದಾಗ್ಬುಡ್ತದೆ."

"ಇವ್ನಿಗೆ ದಾರ ಮಾರೋ ಯೋಚ್ನೆ," ಎಂದ ಲೋಕೇಶ್.

"ನಿಂಗೇನ್ಲಾ, ಫ್ಯಾಕ್ಟ್ರೀಲಿ ಕಂಪ್ಯೂಟ್ರು ನೋಡಿ ನೋಡಿ ಮನೇಲೂ ಅದೇ ಬೇಕು. ನಾಳೆ ರೇಷ್ಮೆ ಉಳಕ್ಕೆ ಸೊಪ್ಪಾಕೋಕೂ ಕಂಪ್ಯೂಟ್ರು ತಾ, ನಿಮ್ಮವ್ವ ಪೊರಕೆ ತಕ್ಕೊಂಡು ಓಡುಸ್ತದೆ."

ಕೆಂಪು ಗಾಡಿ ಮತ್ತೊಂದು ಬಂಡೆ ಹತ್ತಿತು. ಮೂರನೆಯದರ ನಡುವೆ, ಯಾರೋ ದೀಪದ ಸ್ವಿಚ್ಚು ಆರಿಸಿದ ಹಾಗೆ ನಿಂತುಹೋಯಿತು. ಲೋಕೇಶ್ ಎರಡೂ ಕಾಲು ಊರಿ ಗಾಡಿಯನ್ನು ಹಿಡಿದುಕೊಂಡ. ಲತಾಮಣಿ ನಿಂತಲ್ಲೇ ನಿಂತಿದ್ದಳು. ಏನಾಯಿತು ಎಂದು ಅವಳಿಗೆ ಗೊತ್ತಾಗುವಷ್ಟರಲ್ಲಿ ಎಲ್ಲವೂ ಆಗಿಹೋಗಿತ್ತು. ಅನಂತರಾಜು ಬಂದು ಟ್ಯಾಂಕಿನ ಕೆಳಗೆ ಬೆರಳು ತೂರಿಸಿ ಸಡಿಲವಾಗಿದ್ದ ವೈರಿನ ಕನೆಕ್ಟರ್ ಒತ್ತಿದರು. ಟಕ್ ಎಂದಿತು. ಒಂದೇ ಕಿಕ್ಕಿಗೆ ಗಾಡಿ ಮತ್ತೆ ಜೀವ ಪಡೆಯಿತು.

"ಅರ್ಧ ನಿಮಿಷದ್ ಕೆಲ್ಸ!" ಎಂದು ಲೋಕೇಶ್ ಹಿಗ್ಗಿದ.

ನೀಲಿ ಗಾಡಿಯ ಸರದಿ ಅಷ್ಟು ಚೆನ್ನಾಗಿರಲಿಲ್ಲ. ಹೊಗೆ ಕಾರುತ್ತಾ, ಗಡಗಡಿಸುತ್ತಾ ಅದು ಎರಡು ಬಂಡೆ ಹತ್ತಿತು. ಮೂರನೆಯದರ ಮಧ್ಯದಲ್ಲಿ ಅದರ ದನಿ ತೆಳ್ಳಗಾದದ್ದು ಲತಾಮಣಿಗೆ ಕೇಳಿಸಿತು. ಒಂದು ಕೆಮ್ಮು. ಅವಳ ಬಾಯಿ ತೆರೆದುಕೊಂಡಿತು, ಮಾತು ಬರಲಿಲ್ಲ. ಇನ್ನೊಂದು ಕೆಮ್ಮು. ಆಮೇಲೆ ಗಾಡಿ ನಿಂತಿತು. ಲೋಕೇಶ್ ಪಕ್ಕಕ್ಕೆ ಹಾರಿದ. ಗಾಡಿ ಮಗ್ಗುಲಾಗಿ ಬಿತ್ತು. ಅದನ್ನು ಎತ್ತಲು ಓಡಿದವಳ ಸೀರೆಯ ಮೇಲೆ ಕಾರ್ಬ್ಯುರೇಟರಿನಿಂದ ಪೆಟ್ರೋಲು ತೊಟ್ಟಿಕ್ಕಿತು. ಮತ್ತೆ ಸ್ಟಾರ್ಟ್ ಆಗುವುದಕ್ಕೆ ಏಳು ಕಿಕ್ಕು ಬೇಕಾಯಿತು.

"ಇನ್ನೇನೈತೆ ಯೋಚ್ನೆ ಮಾಡಾಕೆ?" ಎಂದ ಲೋಕೇಶ್. ಆದರೂ ತಾನಾಗಿ ಇದೇ ಎಂದು ಹೇಳಲಿಲ್ಲ. ಅವಳ ಮುಖ ನೋಡಿದ. "ಹೇಳು."

"ಉಳಕ್ಕೆ ಸೊಪ್ಪಿನ ಹೊತ್ತಾಯ್ತು," ಎಂದಳು ಲತಾಮಣಿ. "ಹಾಕ್ಬುಟ್ಟು ಬತ್ತೀನಿ. ಬಂದು ಹೇಳ್ತೀನಿ."

ಮನೆ ಹತ್ತು ನಿಮಿಷದ ದಾರಿ. ದಾರಿಯುದ್ದಕ್ಕೂ ಅವಳು ತನ್ನನ್ನೇ ಬೈದುಕೊಂಡಳು. ಕೆಂಪು ಗಾಡಿ ನಂಬಿಕೆಯದು, ಅದು ಕಣ್ಣಿಗೆ ಕಾಣುವಂತಿತ್ತು. ಹಾಗಿದ್ದೂ ಅದರ ಕೆಳಗೆ ನಿಂತಿದ್ದಾಗ ಬೆನ್ನಲ್ಲಿ ಯಾಕೆ ಬೆವರು ಬಂತು? ನೀಲಿಯದರ ಕೆಳಗೆ ಯಾಕೆ ಬರಲಿಲ್ಲ?

ಅತ್ತೆ ಚಿಕ್ಕಲಕ್ಷ್ಮಮ್ಮ ಹುಳುಮನೆಯ ಬಾಗಿಲಲ್ಲೇ ಕೈ ಅಡ್ಡ ಹಿಡಿದಳು.

"ಏನಮ್ಮಿ ಇದು ವಾಸ್ನೆ! ಪೆಟ್ರೋಲ್ ಬಂಕೇ ಹೊತ್ಕೊಂಡು ಬಂದಿದ್ದೀಯಲ್ಲ. ನಾಕನೇ ಜ್ವರ ಎದ್ದಿರೋ ಉಳ, ಮೂಸಿದ್ರೆ ಮೇಯೋದ್ ಬುಟ್ಟು ತಲೆ ಎತ್ಕೊಂಡು ಕೂತ್ಬುಡ್ತವೆ. ನಡಿ, ನೀರುಯ್ಕೊಂಡು ಬಾ."

ಲತಾಮಣಿ ತಲೆಯಿಂದ ಸ್ನಾನ ಮಾಡಿ, ಬೇರೆ ಸೀರೆಯುಟ್ಟು ಬಂದಳು. ಹುಳುಮನೆಗೆ ಬೀಡಿ, ಹೂವಿನ ಎಣ್ಣೆ, ಯಾವ ಗಾಟೂ ಬರುವಂತಿಲ್ಲ; ಈ ಮನೆಗೆ ಬಂದ ಒಂಬತ್ತು ವರ್ಷದಲ್ಲಿ ಅವಳು ಪೌಡರು ಹಾಕುವುದನ್ನೇ ಮರೆತಿದ್ದಳು. ನಾಲ್ಕನೆಯ ಜ್ವರವೆಂದರೆ ಕಡೆಯ ಪೊರೆ ಕಳಚುವ ಹೊತ್ತು; ಅದರಿಂದೆದ್ದು ಹಸಿದಿದ್ದ ಹುಳುಗಳ ಮೇಲೆ ಇಬ್ಬರೂ, ತಟ್ಟೆಯಿಂದ ತಟ್ಟೆಗೆ, ಸೊಪ್ಪು ಹರಡುತ್ತಾ ಹೋದರು. ಸ್ವಲ್ಪ ಹೊತ್ತಿಗೆ ಒಳಗೆಲ್ಲ ಮೇಯುವ ಸದ್ದು ತುಂಬಿತು, ಒಣ ಮರಳಿನ ಮೇಲೆ ಬಹಳ ಜನ ಬರಿಗಾಲಲ್ಲಿ ನಡೆದಂತೆ.

"ಗಾಡಿ ಒಪ್ದಾ?" ಎಂದು ಕೇಳಿದಳು ಚಿಕ್ಕಲಕ್ಷ್ಮಮ್ಮ.

"ನಂಗೆ ಗೊತ್ತಾಗ್ತಿಲ್ಲ ಅತ್ತೆ. ನಾನ್ ಹೇಳಿದ್ದೇ ತಗೋತಾರಂತೆ."

"ಅವ್ನಿಗೆ ಈಗ್ಲಾದ್ರೂ ಬುದ್ದಿ ಬಂತು ಬುಡು. ಒಂದು—" ಚಿಕ್ಕಲಕ್ಷ್ಮಮ್ಮ ಮಾತು ಅರ್ಧಕ್ಕೇ ಬಿಟ್ಟಳು. ಕತ್ತು ಓರೆ ಮಾಡಿದಳು. ಅವಳಿಗೆ ಈಚೆಗೆ ಕಣ್ಣು ಮಂಜು. ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ಸ್ಟ್ಯಾಂಡುಗಳ ನಡುವೆ ನಿಧಾನವಾಗಿ ನಡೆದು, ಗೋಡೆ ಕಡೆಯ ಸಾಲಿನ ಮೂರನೆಯ ತಟ್ಟೆಯ ಬಳಿ ನಿಂತಳು. "ಇಲ್ಲಿ ಬಾ. ಇದ್ರಲ್ಲಿ ಸದ್ದು ಕಮ್ಮಿ ಆಗೈತೆ."

ಲತಾಮಣಿ ತಟ್ಟೆ ಎಳೆದು ಬೆಳಕಿಗೆ ಹಿಡಿದಳು. ನೋಡುವುದಕ್ಕೆ ಎಲ್ಲ ಸರಿಯಾಗಿಯೇ ಇತ್ತು. ಎಲೆಯೊಂದನ್ನು ಎತ್ತಿ ಬೆರಳಾಡಿಸಿದಾಗ ಬೂದಿಯಂಥ ಪುಡಿ ಅಂಟಿತು. ಕಲ್ಲುಕೋರೆಯ ಲಾರಿಗಳು ಓಡಾಡುವ ರಸ್ತೆಯ ಅಂಚಿನ ಸಾಲಿನ ಸೊಪ್ಪು ಬೆರೆತುಹೋಗಿತ್ತು. ಹುಳುಗಳು ಇನ್ನೂ ಮೇಯುತ್ತಿದ್ದವು, ಮನಸ್ಸಿಲ್ಲದೆ.

"ತಗ್ದಾಕು, ಒಳ್ಳೆ ಸೊಪ್ಪು ಕೊಡು. ಏನೂ ಆಗಿಲ್ಲ ಇನ್ನೂವೆ," ಎಂದು ಚಿಕ್ಕಲಕ್ಷ್ಮಮ್ಮ ಮುಂದಿನ ತಟ್ಟೆಗೆ ಹೋದಳು.

ಲತಾಮಣಿ ಧೂಳಿನ ಸೊಪ್ಪನ್ನೆಲ್ಲ ಆಯ್ದು ತೆಗೆದು, ತೊಳೆದು ಆರಿಸಿದ ಸೊಪ್ಪು ಹಾಕಿ, ತಟ್ಟೆಯ ಹತ್ತಿರ ಕಿವಿ ತಂದು ನಿಂತಳು. ಸದ್ದು ಉಳಿದವುಗಳ ಸಮಕ್ಕೆ ಬರುವವರೆಗೆ ಅಲ್ಲಿಂದ ಕದಲಲಿಲ್ಲ.

ಅವಳು ಬಂಡೆಗೆ ವಾಪಸ್ಸಾದಾಗ ಮೂರು ಗಂಟೆ ದಾಟಿತ್ತು. ಮೂವರೂ ಟೆಂಪೋದ ನೆರಳಿನಲ್ಲಿ ಕೂತು ಸೌತೆಕಾಯಿ ತಿನ್ನುತ್ತಿದ್ದರು. ಲೋಕೇಶ್ ಆಗಲೇ ಕೆಂಪು ಗಾಡಿಯನ್ನು ಒರೆಸಿ ಪಕ್ಕಕ್ಕೆ ನಿಲ್ಲಿಸಿದ್ದ.

"ನೀಲೀದು," ಎಂದಳು ಲತಾಮಣಿ.

ತಾಜ್ ಪಾಷಾನ ಕೈಯಲ್ಲಿದ್ದ ಸೌತೆಕಾಯಿ ಬಾಯಿಯ ಹತ್ತಿರವೇ ನಿಂತಿತು. ಲೋಕೇಶ್ ಎದ್ದು ನಿಂತ. "ಬಿಸ್ಲು ಗಿಸ್ಲು ಹೊಡೀತಾ ನಿಂಗೆ? ಏಳ್ ಕಿಕ್ ಹೊಡ್ದೆ ಕಣೇ! ಬೀಳ್ಸೂ ಬೀಳ್ಸ್ತು. ಕೆಂಪುದು ಕೆಡೋದೇ ಇಲ್ಲ ಅಂತಾವ್ರೆ ಸಾರು."

"ಕೆಡೋದು ಕಮ್ಮಿ ಅಂದ್ರು. ಕೆಡೋಕ್ ಮುಂಚೆ ಅದು ಹೇಳಲ್ಲ. ಬೆಳಿಗ್ಗೆ ನಿಂತೋಯ್ತಲ್ಲ, ಆವಾಗ ನಾನು ಸುಮ್ನೆ ಕಂಬದ ಥರ ನಿಂತಿದ್ದೆ. ನೀಲೀದು ಕೆಮ್ಮುತ್ತೆ. ಎರಡು ಸಲ ಕೆಮ್ಮಿ ಆಮೇಲೆ ನಿಲ್ಲುತ್ತೆ."

"ಕೆಮ್ಮಿದ್ದು ನಂಗೇ ಕೇಳ್ಸಿಲ್ಲ, ಹೆಲ್ಮೆಟ್ಟಲ್ಲಿ."

"ನಂಗೆ ಕೇಳ್ಸುತ್ತೆ." ಲತಾಮಣಿ ನೀಲಿ ಗಾಡಿಯ ಪಕ್ಕಕ್ಕೆ ಹೋಗಿ ನಿಂತಳು. "ಹೋದ ವರ್ಷಾನೂ ಕೇಳ್ಸಿತ್ತು. ನೀವು ಬೀಳೋಕೆ ಮುಂಚೆ."

ಲೋಕೇಶ್ ತನ್ನ ಬಲಗೈ ಮಣಿಕಟ್ಟನ್ನು ನೋಡಿಕೊಂಡ. ಅನಂತರಾಜು ಬಾಯಿ ಒರೆಸಿಕೊಂಡು ಬೇರೆ ಕಡೆ ತಿರುಗಿದರು.

"ಅವತ್ತೇ ಕೂಗ್ಬಾರ್ದಾಗಿತ್ತಾ?" ಎಂದ ಲೋಕೇಶ್.

"ಅದು ಕೂಗಿ ಹೇಳೋ ಅಂಥದ್ದು ಅಂತ ಗೊತ್ತಿರ್ಲಿಲ್ಲ. ಇನ್ಮೇಲೆ ಕೂಗ್ತೀನಿ."

ಲೋಕೇಶ್ ಕೆಂಪು ಗಾಡಿಯ ಹ್ಯಾಂಡಲನ್ನು ಒಂದು ಸಲ ಸವರಿದ. ಆಸೆಯಿಂದ ಸವರಿದ; ಅದು ಎಲ್ಲರಿಗೂ ಕಂಡಿತು. ಆಮೇಲೆ ಅದರ ಬೀಗದ ಕೈ ತೆಗೆದು ಅನಂತರಾಜು ಅವರ ಕೈಗಿಟ್ಟ. "ನಾನ್ ಮಾತ್ ಕೊಟ್ಟಿದ್ದೀನಿ ಸಾರ್. ನೀಲೀದೇ."

"ಅಕ್ಕಾ, ನನ್ ಮಕ್ಳು ನಿಮ್ ಹೆಸ್ರು ಹೇಳ್ಕೊಂಡು ಊಟ ಮಾಡ್ತಾರೆ," ಎಂದು ತಾಜ್ ಪಾಷಾ ಕೈ ಮುಗಿದ.

"ಲೇ, ಮೊದ್ಲು ಗಾಡಿ ರಿಪೇರಿ ಮಾಡ್ಲಾ. ಆಮೇಲ್ ಊಟ."

ಆದರೆ ರಿಪೇರಿಗೆ ಮೊದಲು ಅವಳ ಮಾತನ್ನು ನೋಡಿಯೇಬಿಡಲು ಲೋಕೇಶ್ ಹೆಲ್ಮೆಟ್ ಹಾಕಿಕೊಂಡು ನೀಲಿ ಗಾಡಿಯಲ್ಲಿ ಮೂರನೆಯ ಬಂಡೆಗೇ ಹೋದ. ಗಾಡಿ ಗಡಗಡಿಸುತ್ತಾ ಹತ್ತಿತು. ಅದೇ ಜಾಗ. ದನಿ ತೆಳ್ಳಗಾಯಿತು, ಒಂದು ಕೆಮ್ಮು.

"ಇಳೀ!"

ಅವಳು ಅಷ್ಟು ಜೋರಾಗಿ ಕೂಗಿದ್ದನ್ನು ಅಲ್ಲಿದ್ದ ಯಾರೂ ಕೇಳಿರಲಿಲ್ಲ. ಲೋಕೇಶ್ ಕ್ಲಚ್ ಹಿಡಿದು ಎರಡೂ ಕಾಲು ಊರಿದ. ಅವನು ಊರಿದ ಮೇಲೆ ಗಾಡಿ ಎರಡನೆಯ ಸಲ ಕೆಮ್ಮಿತು, ನಿಂತಿತು. ಅವನು ಹೆಲ್ಮೆಟ್ಟಿನೊಳಗಿನಿಂದಲೇ ಅವಳ ಕಡೆ ತಿರುಗಿ ನೋಡಿ, ಗಾಡಿಯನ್ನು ಮೆಲ್ಲಗೆ ಹಿಂದಕ್ಕೆ ಇಳಿಸಿಕೊಂಡು ಬಂದ.

ತಾಜ್ ಪಾಷಾ ಜೆಟ್ ಬಿಚ್ಚಿ, ಜೇಬಿನ ದಾರದ ಹುರಿ ಎಳೆದು, ಮತ್ತೆ ಕೂರಿಸಿದ. ಗಾಡಿ ಸ್ಟಾರ್ಟ್ ಮಾಡಿ, ಮಂಡಿಯೂರಿ ಕೂತು, ಗಾಳಿಯ ಸ್ಕ್ರೂ ತಿರುಗಿಸಿದ. "ಅಕ್ಕಾ, ನೀವೇ ಹೇಳಿ."

"ಇನ್ನೊಸಿ."

"ಈಗ?"

"ಜಾಸ್ತಿ ಆಯ್ತು. ಮಂದ ಆಯ್ತು ದನಿ. ವಾಪಸ್ಸು... ಹಾಂ. ಅಲ್ಲೇ."

"ಇಪ್ಪತ್ತು ವರ್ಷದಿಂದ ಇದೇ ಕಸುಬು ನಂದು," ಎಂದು ತಾಜ್ ಪಾಷಾ ಸ್ಕ್ರೂಡ್ರೈವರ್ ಒರೆಸುತ್ತಾ ಅನಂತರಾಜು ಅವರಿಗೆ ಹೇಳಿದ. "ನನಗೂ ಅಲ್ಲೇ ಅನ್ನಿಸ್ತು. ಸ್ವಲ್ಪ ಲೇಟಾಗಿ."

ನಾಲ್ಕು ಗಂಟೆಗೆ ಟೆಂಪೋ ಕೆಂಪು ಗಾಡಿಯನ್ನು ಹೊತ್ತು ಹೊರಟುಹೋಯಿತು. ಬಿಸಿಲು ತಗ್ಗಿ ಬಂಡೆಗಳು ಬೆಲ್ಲದ ಬಣ್ಣಕ್ಕೆ ತಿರುಗುತ್ತಿದ್ದವು. ಲೋಕೇಶ್ ಈ ಸಲ ಎಲ್ಲಕ್ಕಿಂತ ದೊಡ್ಡದನ್ನು ಹತ್ತಿದ. ನೆತ್ತಿ ಮುಟ್ಟಿದವನು ಅಲ್ಲಿ ನಿಲ್ಲದೆ ಆಚೆ ಬದಿಗೆ ಇಳಿದು ಕಣ್ಮರೆಯಾದ.

"ಎಲ್ಲಿಗೋದ್ನಕ್ಕಾ ಇವ್ನು?" ಎಂದು ತಾಜ್ ಪಾಷಾ ಎದ್ದ.

ಲತಾಮಣಿ ಬಂಡೆಯ ಕಡೆಗೆ ಬೆರಳು ತೋರಿಸಿದಳು. ಅವಳ ಕಣ್ಣು ಮುಚ್ಚಿತ್ತು. ಕಲ್ಲಿನ ಹಿಂದೆ ಸಮವಾಗಿ ಮಿಡಿಯುತ್ತಿದ್ದ ದನಿಯ ಜೊತೆ ಬೆರಳು ನಿಧಾನವಾಗಿ ಎಡಕ್ಕೆ ಸರಿಯಿತು, ಒಂದು ಕಡೆ ತುಸು ತಗ್ಗಿತು, ಮತ್ತೆ ಮೇಲೇರಿ ಎರಡು ಬಂಡೆಗಳ ನಡುವಿನ ಸಂದಿಗೆ ಬಂದು ನಿಂತಿತು. ಆ ಸಂದಿಯಲ್ಲಿ ಮೊದಲು ಒಂದಿಷ್ಟು ಹೊಗೆ ಕಾಣಿಸಿತು, ಆಮೇಲೆ ಮುಂದಿನ ಚಕ್ರ.