ಬಾಣದ ಪಕ್ಕ ಒಂದು

ಮುಚ್ಚಳ ಸರಿಯಾಗಿ ಕೂತಿಲ್ಲ, ನೀಲಿ ಮಾರ್ಕರಿನದು, ಬಿಳಿ ಹಲಗೆಯ ಕೆಳಗೆ ಗುರುವಾರದಿಂದ ಹಾಗೇ ಬಿದ್ದಿದೆ, ಒಣಗಿಯೇ ಹೋಗಿರುತ್ತದೆ, ಒಣಗಲಿ, ಅವಳಿಗೇನು — ಹನ್ನೊಂದಕ್ಕೆ ಮೀಟಿಂಗು, ಇನ್ನು ಹತ್ತೇ ನಿಮಿಷ, ಮ್ಯಾನೇಜರು ಆಗಲೇ ಒಮ್ಮೆ ಗಾಜಿನ ಬಾಗಿಲಲ್ಲಿ ತಲೆ ಹಾಕಿ ಹೋದರು, ಲ್ಯಾಪ್‌ಟಾಪೂ ತನ್ನಿ ಮೇಡಂ, ಗೋಡೆ ಮೇಲೆ ಹಾಕಿ ನೋಡೋಣ, ಯಾರ ಕೋಡು ಯಾರ ಹತ್ರ ಹೋಯ್ತು ಅಂತ. ನೋಡೋಣವಂತೆ. ಇನ್ನು ನೋಡುವುದೇನಿದೆ, ಆಸ್ಪತ್ರೆಯವರು ಕಳಿಸಿದ ಫೋಟೋವನ್ನು ಎಲ್ಲರೂ ನೋಡಿಯಾಗಿದೆ, ನಿನ್ನೆ ಬೆಳಿಗ್ಗೆ ಎರಡನೇ ಮಹಡಿಯಲ್ಲಿ ಲಿಫ್ಟಿನ ಬಾಗಿಲು ಮುಚ್ಚುತ್ತಿದ್ದಾಗ ಆಯಾ ಕೈ ಅಡ್ಡ ಹಿಡಿದಳು, ಗಾಲಿಕುರ್ಚಿ ಒಳಗೆ ಬರಲಿ ಅಂತ, ಕೈ ಅಡ್ಡ ಬಂದರೆ ಬಾಗಿಲು ತೆರೆದುಕೊಳ್ಳಬೇಕು, ತೆರೆದುಕೊಳ್ಳಲಿಲ್ಲ, ಮೂರು ಬೆರಳು, ದಪ್ಪಗೆ ಬಟ್ಟೆ ಸುತ್ತಿದ ಮೂರು ಬೆರಳು ದಿಂಬಿನ ಮೇಲೆ — ಆ ಬಾಗಿಲಿಗೆ ಬುದ್ಧಿ ಹೇಳುವ ಕಂಪ್ಯೂಟರ್ ಕೋಡು ಇಲ್ಲಿಯದು, ಈ ಕೋಣೆಯ ಆರು ಜನರದು, ಕೆಟ್ಟ ಸಾಲಿನ ಪಕ್ಕದಲ್ಲಿ ಬರೆದವರ ಹೆಸರು ಯಾವುದೆಂದು ನೋಡಿದರೆ ಅವಳದು. ಅವಳದೇ, ಇರಲಿ, ಆದರೆ ಅದನ್ನು ಆಸ್ಪತ್ರೆಗೆ ಕಳಿಸಿದವನು ಯಾರು? ಮೈಕು. ಗಂಟಲು ದೊಡ್ಡದು ಅಂತ ಎಲ್ಲರೂ ಇಟ್ಟ ಹೆಸರು. ಗಂಟಲಿದ್ದಷ್ಟು ತಲೆಯಿದ್ದಿದ್ದರೆ ಆಯಾಳ ಬೆರಳು ಇವತ್ತು ನೆಟ್ಟಗಿರುತ್ತಿದ್ದವು.

ಪದ್ಧತಿ ಗೊತ್ತಿಲ್ಲವೇ ಅವನಿಗೆ, ಹತ್ತು ವರ್ಷದಿಂದ ಇಲ್ಲೇ ಬೇರು ಬಿಟ್ಟಿದ್ದಾನೆ. ಇಲ್ಲಿ ಒಬ್ಬೊಬ್ಬರ ಯಂತ್ರದಲ್ಲೂ ಇಡೀ ಕೋಡಿನ ಪೂರ್ತಿ ಪ್ರತಿ, ಒಬ್ಬೊಬ್ಬರಿಗೂ ತಮ್ಮದೇ ರೆಪೊ, ಅಂದರೆ ಕೋಡಿನ ಉಗ್ರಾಣ, ನಾನು ಬರೆದಿದ್ದನ್ನು ನಿನ್ನ ರೆಪೊಗೆ ತುರುಕುವ ಹಾಗಿಲ್ಲ, ಹೊಸದು ಬರೆದವರು ಬಿಳಿ ಹಲಗೆಯ ಮೇಲೆ ಒಂದು ಸಾಲು ಬರೆಯಬೇಕು, ಬೇಕಾದವರು ಅದನ್ನು ತಮ್ಮ ರೆಪೊಗೆ ಎಳೆದುಕೊಳ್ಳಬೇಕು, ಗಿರಾಕಿಗೆ ಕಳಿಸುವ ಪ್ರತಿ ಮೈಕಿನ ರೆಪೊದಿಂದಲೇ ಹೋಗಬೇಕು. ಬುಧವಾರ ಹಾಗೇ ಆಯಿತು. ಬಾಗಿಲು ಬಹಳ ಹೊತ್ತು ತೆರೆದೇ ಇರುತ್ತದೆ, ಸ್ಟ್ರೆಚರು ಕಾಯಬೇಕು ಅಂತ ಆಸ್ಪತ್ರೆಯವರ ಗೊಣಗಾಟ, ಅವಳು ಆರು ಸೆಕೆಂಡನ್ನು ಮೂರು ಮಾಡಿದಳು, ಹಲಗೆಯ ಮೇಲೆ ಬರೆದಳು, ಮೈಕು ಎಳೆದುಕೊಂಡ. ಗುರುವಾರ ಬೆಳಿಗ್ಗೆ ಎಲ್ಲರೆದುರು ಬಾಯಿ ಬಿಟ್ಟ — ಅಕ್ಕಾ, ನಿಮ್ಮ ರೆಪೊ ಅಂದ್ರೆ ಧಾರಾವಾಹಿ ಇದ್ದಂಗೆ, ದಿನಾ ಒಂದು ಕಂತು, ಎಳ್ಕೊಳ್ತಾ ಕೂತ್ರೆ ನಮ್ಮ ಕೆಲಸ ಯಾರು ಮಾಡ್ತಾರೆ. ಕೋಣೆಯೆಲ್ಲ ನಕ್ಕಿತು. ಮ್ಯಾನೇಜರೂ ನಕ್ಕರು, ಚಹಾ ಬಾಯಲ್ಲಿಟ್ಟುಕೊಂಡೇ. ಅಡಿಯಿಂದ ಮುಡಿಯವರೆಗೆ ಉರಿದುಹೋಯಿತು ಅವಳಿಗೆ, ಧಾರಾವಾಹಿಯಂತೆ, ಇವನು ಹತ್ತು ವರ್ಷದಲ್ಲಿ ಮಾಡಿದ ತಪ್ಪುಗಳನ್ನು ಒರೆಸಿದ್ದು ಯಾರು, ಇವನ ತಾತನೇ?

ಅದೇ ಮಧ್ಯಾಹ್ನ ಕಣ್ಣಿಗೆ ಬಿತ್ತು. ಹೊತ್ತು ಕಡಿಮೆ ಮಾಡಿದ್ದರಿಂದ ಬಾಗಿಲು ಮುಚ್ಚುವ ಕೊನೆಯ ಒಂದು ಗೇಣು ಜಾಗದಲ್ಲಿ ಯಾರಾದರೂ ಅಡ್ಡ ಬಂದಿದ್ದಾರೆಯೇ ಎಂದು ಲಿಫ್ಟು ನೋಡುವುದೇ ಇಲ್ಲ. ನಾಲ್ಕು ಸಾಲು, ಇಪ್ಪತ್ತು ನಿಮಿಷದ ಕೆಲಸ, ಸರಿಮಾಡಿ ತನ್ನ ರೆಪೊಗೆ ಹಾಕಿಕೊಂಡಳು, ಪರದೆಯ ಕೆಳಮೂಲೆಯಲ್ಲಿ ಅದು ಮೂಡಿತು, ಮೇಲಕ್ಕೆ ಮುಖ ಮಾಡಿದ ಪುಟ್ಟ ಬಾಣ, ಪಕ್ಕದಲ್ಲಿ ಒಂದು — ನಿನ್ನ ಹತ್ತಿರ ಇರುವ ಒಂದು ಬದಲಾವಣೆ ಮೈಕಿನ ಹತ್ತಿರ ಇಲ್ಲ ಅಂತ ಅರ್ಥ. ಎದ್ದು ಹಲಗೆಯ ಹತ್ತಿರ ಹೋದಳು. ಮಾರ್ಕರಿನ ಮುಚ್ಚಳ ತೆಗೆದಳು. ಹಿಂದಿನಿಂದ ಮೈಕಿನ ನಗು ಕೇಳಿಸಿತು, ಫೋನಿನಲ್ಲಿ ಯಾರ ಜೊತೆಗೋ, ಇವಳನ್ನು ನೋಡಿ ನಕ್ಕಿದ್ದೂ ಅಲ್ಲವೇನೋ. ಇನ್ನೊಂದು ಕಂತು ಬಂತು ಅನ್ನಿಸಿಕೊಳ್ಳಬೇಕೇ? ಬೇಕಿದ್ದರೆ ಬಂದು ಕೇಳಲಿ. ಏನೂ ಬರೆಯದೆ ಮುಚ್ಚಳ ಹಾಕಿದಳು, ಅರ್ಧಂಬರ್ಧ.

ಗಂಡ ಅದಕ್ಕೇ ಹಂಗಿಸುವುದು. ಗ್ಯಾಸು ಮುಗಿಯುತ್ತ ಬಂದಿದ್ದು ನಿಂಗೆ ಮೂರು ದಿನದಿಂದ ಗೊತ್ತಿತ್ತು ತಾನೇ, ಬಾಯಿ ಬಿಟ್ಟು ಹೇಳೋಕೇನಾಗಿತ್ತು? ನೀವು ಕೇಳಲಿಲ್ಲ. ಮುನಿಸಿದ್ದರೆ ಮನೆಗೆ ಬೆಂಕಿ ಬಿದ್ರೂ ಕೇಳೋವರೆಗೆ ಹೇಳಲ್ಲ ನೀನು, ಥೇಟ್ ನಿಮ್ಮಮ್ಮ. ಅಮ್ಮನನ್ನು ಯಾಕೆ ಎಳೆಯುತ್ತೀರಿ ಅಂತ ಅದಕ್ಕೂ ಒಂದು ಜಗಳ, ಅರ್ಧ ಬೆಂದ ಅನ್ನದ ಪಾತ್ರೆಯ ಮುಂದೆ ನಿಂತುಕೊಂಡು. ಅರ್ಧ ಬೆಂದ ಅನ್ನ ಚೆಲ್ಲಬಹುದು — ಈಗ ಅದೆಲ್ಲ ಯಾಕೆ, ಐದು ನಿಮಿಷ ಉಳಿದಿದೆ, ಬಾಣ ಅಲ್ಲೇ ಇದೆ, ಪಕ್ಕದಲ್ಲಿ ಒಂದು. ತೆಗೆದುಹಾಕಿದರೆ ಮುಗಿಯಿತು. ಇದು ಬೇರೆ ಯಾರ ಯಂತ್ರದಲ್ಲೂ ಇಲ್ಲ, ಅಳಿಸಿದರೆ ಗುರುವಾರ ಮಧ್ಯಾಹ್ನ ಎಂಬುದೇ ಇರುವುದಿಲ್ಲ, ಅವಳಿಗೆ ತಪ್ಪು ಗೊತ್ತಿತ್ತು ಎನ್ನುವುದಕ್ಕೆ ಸಾಕ್ಷಿ ಇರುವುದಿಲ್ಲ, ಬರೆಯುವಾಗ ಕಣ್ತಪ್ಪಿತು ಸಾರ್ ಅಂದರೆ ಆಯಿತು, ಕಣ್ತಪ್ಪು ಯಾರಿಗಾಗುವುದಿಲ್ಲ. ಅಳಿಸುವ ಆಜ್ಞೆ ಟೈಪು ಮಾಡಿಯೂ ಬಿಟ್ಟಳು. ಎಂಟರ್ ಒಂದೇ ಬಾಕಿ. ಬಾಕಿ — ಥೂ, ಆ ಮಾತೊಂದು, ತಪ್ಪು ಅವನದು, ಕಳಿಸುವ ಮುಂಚೆ ಕೇಳಬೇಕಿತ್ತು, ಪ್ರತಿ ಸಲ ಕೇಳುವವನು, ಆ ದೊಡ್ಡ ಗಂಟಲು ಇರುವುದು ಯಾತಕ್ಕೆ, ಕೇಳಬೇಕಿತ್ತು, ಕೇಳಬೇಕಿತ್ತು.

ಬನ್ನಿ ಮೇಡಂ, ಅಂದರು ಮ್ಯಾನೇಜರು. ಟೈಪು ಮಾಡಿದ್ದ ಆಜ್ಞೆಯನ್ನು ಒಂದೊಂದೇ ಅಕ್ಷರ ಹಿಂದಕ್ಕೆ ಅಳಿಸಿದಳು, ಯಾಕೆಂದು ಅವಳಿಗೇ ತಿಳಿಯಲಿಲ್ಲ, ಮುಚ್ಚಿದ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ನಡೆದಳು. ಮೀಟಿಂಗ್ ಕೋಣೆಯಲ್ಲಿ ಮೈಕು ಆಗಲೇ ಕೂತಿದ್ದಾನೆ, ಮುಖ ತೊಳೆದುಕೊಂಡು ಬಂದ ಹಾಗಿದೆ, ಕೂದಲಂಚು ಒದ್ದೆ, ಗಂಟಲೇ ಇಲ್ಲದವನ ಹಾಗೆ ಮಾತಾಡುತ್ತಾನೆ, ತಪ್ಪು ನಂದೇ ಸಾರ್, ಕಳಿಸಿದ್ದು ನಾನು, ನೆನ್ನೆ ಸಂಜೆ ಆಸ್ಪತ್ರೆಗೆ ಹೋಗಿ ಆ ಅಮ್ಮನ್ನ ನೋಡ್ಕೊಂಡೂ ಬಂದೆ, ಬರೆದು ಕೊಡ್ತೀನಿ, ಅಕ್ಕನ್ನ ಇದರಲ್ಲಿ ಎಳೀಬೇಡಿ, ನಾನು ಇನ್ನೊಂದ್ಸಲ ಕೇಳಬೇಕಿತ್ತು. ಇನ್ನೊಂದ್ಸಲ. ಇವನಿಗೆ ಯಾರು ಹೇಳಿದ್ದು ಒಳ್ಳೆಯವನಾಗು ಅಂತ, ಹಲ್ಲು ಕಚ್ಚಿದಳು, ಬೈಯಬೇಕಿತ್ತು ಇವನು, ಕೂಗಾಡಬೇಕಿತ್ತು, ಆಗ ಅವಳೂ ಕೂಗಾಡುತ್ತಿದ್ದಳು — ಇನ್ನೊಂದ್ಸಲ, ಹಾಗಾದರೆ ಒಂದು ಸಲ, ಹೌದು, ಶುಕ್ರವಾರ, ಅವಳ ಮೇಜಿನ ಪಕ್ಕ ಬಂದು ನಿಂತಿದ್ದ, ಕೈಯಲ್ಲಿ ಅವಳಿಗೂ ಒಂದು ಲೋಟ ಚಹಾ, ನೆನ್ನೆ ಅಂದಿದ್ದಕ್ಕೆ ಬೇಜಾರು ಮಾಡ್ಕೋಬೇಡಿ ಅಕ್ಕಾ, ಕಳಿಸ್ತಾ ಇದೀನಿ, ನಿಮ್ಮದೇನಾದ್ರೂ ಬಾಕಿ ಇದೆಯಾ? ಅವಳು ತಿರುಗಿ ನೋಡಲಿಲ್ಲ. ಪರದೆಯ ಕೆಳಮೂಲೆಯನ್ನೇ ನೋಡುತ್ತ, ಏನಿಲ್ಲ, ಅಂದಳು. ಏನೂ ಇಲ್ಲ.

ಮ್ಯಾನೇಜರು ತಂತಿ ಸಿಕ್ಕಿಸಿದರು, ಗೋಡೆ ಬೆಳಗಿತು, ಫೋಟೋದಲ್ಲಿದ್ದ ಆಯಾಳ ಕೈಗಿಂತ ದೊಡ್ಡದಾಗಿ ಇವಳ ಪರದೆ, ಸಾಲುಗಳು, ತಾರೀಖುಗಳು, ಕೆಳಮೂಲೆ, ಅದೇನು ಮೇಡಂ ಅಲ್ಲಿ, ಮೈಕು ಕತ್ತೆತ್ತಿ ನೋಡಿದ, ಗುರುವಾರದ ತಾರೀಖು ಓದಿದ, ಇವಳ ಕಡೆ ತಿರುಗಿದ, ಅಕ್ಕಾ, ಅಂದ, ಅಷ್ಟೇ, ಮುಂದೆ ಕೇಳಲಿಲ್ಲ, ಈ ಸಲ ಅವನು ಕೇಳುವುದಿಲ್ಲ, ಅವಳೇ ಹೇಳಬೇಕು, ಬಾಯಿ ತೆರೆದಳು, ಗೋಡೆಯ ಮೇಲೆ ಬಾಣ, ಮೇಲಕ್ಕೆ ಮುಖ ಮಾಡಿದ ಬಾಣ, ಪಕ್ಕದಲ್ಲಿ ಒಂದು, ಪಕ್ಕದಲ್ಲಿ ಒಂದು